ತಣ್ಣಗಾದ ಕೈ

"ಹೆದರಿಕೆಗೆ ಕೈಯೆಲ್ಲ ತಣ್ಣಗಾಗಿದೆ ಮೇಡಂ, ಈ ಕೆಲಸ ನನ್ನ ಕೈಲಾಗಲ್ಲ" ಅಂದಳು ಇವತ್ತು ನಮ್ಮ ಶಿವಮೊಗ್ಗದ ವಾರ್ಡಿಗೆ ಬಂದ ಹೊಸ ನರ್ಸ್ ಹುಡುಗಿ. ಸ್ಪಿರಿಟ್ ವಾಸನೆ ಬೇರೆ. ನನ್ನ ಮನಸ್ಸು ಸೀದಾ ನಾನು ಚಿಕ್ಕವಳಿದ್ದಾಗ ಇದ್ದ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿಗೆ ಹೋಗಿಬಿಡ್ತು.

ಅಜ್ಜಿಯ ಕಾಲಿನ ಹುಣ್ಣಿಗೆ ಡ್ರೆಸಿಂಗ್ ಮಾಡೋಕೆ ಪಕ್ಕದ್ಮನೆ ನರ್ಸ್ ಸೆಲ್ವಿಯಕ್ಕ ಬರ್ತಿದ್ರು. ಅವರ ಹಾಗೆ ನರ್ಸ್ ಆಗ್ಬೇಕು ಅಂತ ನಂಗೂ ಆಸೆ, ಅದಕ್ಕೆ ಬಟ್ಟಲು ಹಿಡಿಯೋ ಕೆಲಸ ನಂದು. ರಕ್ತ ಕಂಡ ಕೂಡಲೇ ಬಟ್ಟಲು ಗಡಗಡ ನಡುಗೋದು.

"ಇವಳೇನು ನರ್ಸ್ ಆಗ್ತಾಳೆ ಬಿಡಿ" ಅಂದಳು ಅಮ್ಮ ಒಂದಿನ. ನಂಗೂ ಹಾಗೇ ಅನ್ನಿಸ್ತು.

ಸೆಲ್ವಿಯಕ್ಕ ಬಟ್ಟಲು ಇಸ್ಕೊಂಡು, "ಅಜ್ಜಿ ಹಣೆ ಮುಟ್ಟು ಮಾರಾಯ್ತಿ, ಅಷ್ಟು ಸಾಕು" ಅಂದ್ರು. ಹೆದರಿ ತಣ್ಣಗಾಗಿದ್ದ ಕೈ ಇಟ್ಟೆ. ಜ್ವರದಲ್ಲಿ ಸುಡ್ತಿದ್ದ ಅಜ್ಜಿ ಕಣ್ಣು ಮುಚ್ಚಿ, "ಆಹಾ, ಎಷ್ಟು ತಂಪು! ತೆಗೀಬೇಡ್ವೇ" ಅಂದಳು.

ನರ್ಸೇ ಆಗೋದು ಅಂತ ನಾನು ಆಗಲೇ ನಿರ್ಧಾರ ಮಾಡಿದ್ದು.

"ಕೈ ತಣ್ಣಗಿದ್ರೆ ಒಳ್ಳೇದೇ ಆಯ್ತು" ಅಂದೆ ಹೊಸ ನರ್ಸ್ ಹುಡುಗಿಗೆ. "ಬಾ, ಆ ಮೂಲೆ ಬೆಡ್ಡಿನ ಅಜ್ಜಿಗೆ ಜ್ವರ ಇದೆ."