ಪೊರೆ ಮುದ್ದೆಯಾಗುವ ಗಡಿ

ಬಾಗಲಕೋಟೆ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ತಮ್ಮನ ಮಗಳು ಪುಣೆಯಲ್ಲಿ ಭೌತಶಾಸ್ತ್ರದ ಸಂಶೋಧನೆಗೆ ಸೇರಿ ಐದನೆಯ ವರ್ಷ ನಡೆದಿತ್ತು, ಕೆಲಸ ಮುಗಿದಿರಲಿಲ್ಲ. ಅಷ್ಟರಲ್ಲಿ ಜಮಖಂಡಿಯ ಕಾಲೇಜೊಂದು ಅವಳನ್ನು ಉಪನ್ಯಾಸಕಿಯಾಗಿ ಕರೆಯಿತು. ರಬಕವಿಯಲ್ಲಿ ಮಗ್ಗ ನಡೆಸುವ ತಮ್ಮ, ಎಲ್ಲ ಬಿಟ್ಟು ಬರಲಿ ಎಂದು ಹಟ ಹಿಡಿದ. ಅವಳು ಇನ್ನೊಂದು ವರ್ಷ ಕೇಳಿದಳು. ಕೊನೆಗೆ ಇಬ್ಬರೂ ಬನಹಟ್ಟಿಗೆ, ನನ್ನ ಮನೆಗೆ ಬಂದರು. ನಾನು ಗಣಿತ ಕಲಿಸಿ ನಿವೃತ್ತಳಾದವಳು, ಮನೆತನಕ್ಕೆ ಹಿರಿಯಳು.

ಮೊದಲು ಊಟ, ತಾಟು ತೊಳೆದಿಟ್ಟ ಮೇಲೆ ಮಾತು ಎಂದೆ. ಅಡುಗೆಮನೆಯಲ್ಲಿ ಅವಳಿಗಷ್ಟೇ ಹೇಳಿದೆ: ಅಪ್ಪ ಏನು ಕೇಳಿದರೂ ಖಚಿತವಾಗಿ ಉತ್ತರಿಸು, ತಡವರಿಸಬೇಡ.

ಇಷ್ಟು ವರ್ಷ ಮಾಡುತ್ತಿರುವುದು ಏನೆಂದು ತನಗೆ ತಿಳಿಯುವಂತೆ ಹೇಳು ಎಂದ ತಮ್ಮ. ಶಾಖಕ್ಕೆ ಸದಾ ನಡುಗುವ ತೆಳು ಪೊರೆ ಯಾವಾಗ ಹರಡಿಕೊಂಡಿರುತ್ತದೆ, ಯಾವಾಗ ಮುದ್ದೆಯಾಗುತ್ತದೆ ಎಂಬುದು ತನ್ನ ಪ್ರಶ್ನೆ ಎಂದಳು.

"ಅರಿವಿ ಮುದ್ದಿ ಆಗೂದನ್ನ ನಿಮ್ಮವ್ವ ದಿನಾ ನೋಡತಾಳ. ಆಕಿಗೂ ಒಂದು ಡಾಕ್ಟರೇಟ್ ಕೊಡಸು."

ಅವಳು ನಕ್ಕು, ಮಂಚದ ಮೇಲೆ ಮಡಚಿಟ್ಟಿದ್ದ ನನ್ನ ಗಂಜಿ ಹಾಕಿದ ಸೀರೆ ಬಿಡಿಸಿದಳು. ಇಸ್ತ್ರಿ ಮಾಡಿದ್ದು, ಆದರೂ ಬಿಡಿಸಲು ಬಿಟ್ಟೆ. ಹತ್ತಿರದಿಂದ ನೋಡಿದರೆ ಸಣ್ಣ ಸುಕ್ಕುಗಳಿವೆ ಎಂದು ತೋರಿಸಿ ವಿವರಿಸಿದಳು. ಒಂದು ಹೆಜ್ಜೆ ಹಿಂದೆ ಸರಿದರೆ ಅವು ಕಾಣುವುದಿಲ್ಲ, ಆದರೆ ಅವುಗಳ ಪರಿಣಾಮ ಬಟ್ಟೆಯ ಬಿಗಿಯಲ್ಲಿ, ಅಂದರೆ ಸುಲಭಕ್ಕೆ ಬಾಗದ ಗುಣದಲ್ಲಿ, ಸೇರಿಕೊಂಡಿರುತ್ತದೆ. ಆ ಬಿಗಿಯನ್ನು ಹೊಸದಾಗಿ ಲೆಕ್ಕ ಹಾಕಿ ಮತ್ತೆ ಹಿಂದೆ ಸರಿಯಬೇಕು. ಪ್ರತಿ ಸಲ ಬಿಗಿ ಹೆಚ್ಚಿದರೆ ಪೊರೆ ಹರಡಿ ನಿಲ್ಲುತ್ತದೆ, ಇಳಿದರೆ ಮುದ್ದೆಯಾಗುತ್ತದೆ. ಎಷ್ಟು ಸರಿದರೂ ಬದಲಾಗದ ಬಿಗಿಯೊಂದು ಸಿಕ್ಕರೆ ಅದೇ ಗಡಿ, ಅಲ್ಲಿ ಹರಡಿದ್ದು ಮುದ್ದೆಯಾಗುವ ಬದಲಾವಣೆ ಮೆಲ್ಲಗೆ ಆಗುತ್ತದೆ. ಸಿಗದಿದ್ದರೆ ಒಮ್ಮೆಲೇ. ಈ ವಿಧಾನಕ್ಕೆ ರಿನಾರ್ಮಲೈಸೇಶನ್ ಗ್ರೂಪ್ ಎನ್ನುತ್ತಾರಂತೆ.

ತಮ್ಮ ಸೀರೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದ.

"ಹಂಗಾರ ಮೆಲ್ಲಕ ಆಗತೈತೋ, ಒಮ್ಮೆಲೆ ಆಗತೈತೋ?"

"ಗೊತ್ತಿಲ್ಲಪ್ಪಾ. ಅಂದಾಜಿನ ಲೆಕ್ಕ ಒಮ್ಮೆಲೆ ಅಂತೈತಿ. ಇನ್ನಷ್ಟು ಸೂಕ್ಷ್ಮ ಮಾಡಿದ್ರ ಮೆಲ್ಲಕ ಅಂತೈತಿ. ಯಾವುದು ಖರೆ ಅನ್ನೂದ ನನ್ನ ಕೆಲಸ."

ಕೆಟ್ಟಿತು ಎಂದುಕೊಂಡೆ. ನನ್ನ ತರಗತಿಯಲ್ಲಿ ಗೊತ್ತಿಲ್ಲ ಎಂದವರು ನಿಂತೇ ಇರಬೇಕಿತ್ತು.

ತಮ್ಮ ಸೀರೆ ಮಡಚಿ ಮಂಚದ ಮೇಲಿಟ್ಟ. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕಾ, ಈಗ ಬಂದ್ರ ಈಕಿ ಹುಡುಗರಿಗೆ ಏನಂತ ಕಲಸ್ತಾಳ? ಎರಡೂ ಖರೆ ಅಂತನ?"

ಮರುದಿನ ಅವನೇ ಜಮಖಂಡಿ ಬಸ್ಸು ಹತ್ತಿದ, ಈ ವರ್ಷ ಮಗಳು ಬರುವುದಿಲ್ಲ ಎಂದು ಕಾಲೇಜಿನಲ್ಲಿ ತಿಳಿಸಲು.