ಡಚ್ ದೊರೆಗೆ ಆಟಿ ಪಾಯಸ

ಕಲ್ಲುಹೊಳೆಯ ಹೊನ್ನಮ್ಮನ ಕೈಯಲ್ಲಿ ಒಮ್ಮೆಯಾದರೂ ಬೇಸ್ತು ಬೀಳದವರು ಇದ್ದಾರೆಂದರೆ, ಅವರು ಆ ಊರಿಗೆ ಕಾಲಿಟ್ಟವರೇ ಅಲ್ಲ ಎಂದು ತಿಳಿಯಬೇಕು. ಕೊಡಗಿನ ನಾಪೋಕ್ಲಿನಿಂದ ಆಚೆ, ಬಸ್ಸು ಹೋಗದ ಊರು ಅದು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಕಲ್ಲೇಶಪ್ಪನವರಿಗೆ ಒಂದು ಜಂಬವಿತ್ತು. ಒಂದು ಗುಟುಕು ಕುಡಿದರೆ ಸಾಕು, ಕಾಫಿ ಯಾವ ತೋಟದ್ದೆಂದು ಹೇಳಿಬಿಡುತ್ತೇನೆ ಎನ್ನುತ್ತಿದ್ದರು. ಹೊನ್ನಮ್ಮ ಹಲಸಿನ ಬೀಜ ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕಾಯಿಸಿ ಕೊಟ್ಟಳು. ರೈಟರು ಕಣ್ಣು ಮುಚ್ಚಿ, ಬಾಯಿ ಚಪ್ಪರಿಸಿ, ಸುಂಟಿಕೊಪ್ಪದ ಕಡೆಯದು, ಹಳೇ ಗಿಡದ್ದು ಎಂದು ತೀರ್ಪು ಕೊಟ್ಟರು. ಅವರು ಚಪ್ಪಲಿ ಮೆಟ್ಟುವ ಮೊದಲೇ ಹೊನ್ನಮ್ಮ ಬೀಜದ ಸಿಪ್ಪೆ ತಂದು ಅವರ ಅಂಗೈಗೆ ಹಾಕಿದಳು.

ಆ ಸಿಪ್ಪೆ ತೋರಿಸುವುದು ಇದೆಯಲ್ಲ, ಅದೇ ಅವಳ ಕಟ್ಟಳೆ. ಯಾರನ್ನೇ ಬೇಸ್ತು ಬೀಳಿಸಲಿ, ಅವರ ಮುಂದಿನ ಊಟಕ್ಕೆ ಎಲೆ ಹಾಕುವ ಮೊದಲು ಗುಟ್ಟು ಒಡೆದುಬಿಡಬೇಕು. ನಗುವಿನಲ್ಲಿ ಅವರಿಗೂ ಪಾಲು ಸಿಗಬೇಕು, ಇಲ್ಲದಿದ್ದರೆ ಅದು ತಮಾಷೆಯಲ್ಲ, ಮೋಸ ಎನ್ನುತ್ತಿದ್ದಳು. ಮದುವೆಯಾಗಿ ಈ ಊರಿಗೆ ಬಂದ ಮೂವತ್ತು ವರ್ಷಗಳಲ್ಲಿ ಈ ಕಟ್ಟಳೆಯನ್ನು ಅವಳು ಒಮ್ಮೆಯೂ ಮುರಿದಿರಲಿಲ್ಲ.

ಆ ಮೂವತ್ತು ವರ್ಷಗಳಲ್ಲಿ ಅವಳು ಬಿಡದೆ ಮಾಡಿದ ಇನ್ನೊಂದು ಕೆಲಸ ನೀರು ಹೊರುವುದು. ಕಲ್ಲುಹೊಳೆಯಲ್ಲಿ ಎರಡು ಕೇರಿ. ಕೆಳಕೇರಿ ಗದ್ದೆಯ ಅಂಚಿನಲ್ಲಿತ್ತು, ಅಲ್ಲಿ ಬಾವಿಯಿತ್ತು. ಮೇಲ್ಕೇರಿಯ ಇಪ್ಪತ್ತೆರಡು ಮನೆಗಳು ಗುಡ್ಡದ ನೆತ್ತಿಯಲ್ಲಿದ್ದವು, ಅಲ್ಲಿ ಎಷ್ಟು ಅಗೆದರೂ ಬರೀ ಬಂಡೆ. ಕುಡಿಯುವ ನೀರಿಗೆ ಗುಡ್ಡದ ಬುಡದ ಒರತೆಗೇ ಇಳಿಯಬೇಕು, ಕೊಡ ಹೊತ್ತು ನೂರ ನಲವತ್ತೆರಡು ಮೆಟ್ಟಿಲು ಹತ್ತಬೇಕು. ಹೊನ್ನಮ್ಮನ ಗಂಡ ತೀರಿಕೊಂಡು ಐದು ವರ್ಷವಾಗಿತ್ತು, ಎಡ ಮಂಡಿ ಕೈಕೊಟ್ಟು ಎರಡು ವರ್ಷವಾಗಿತ್ತು. ಮಂಡಿ ಪೂರ್ತಿ ಹೋದ ದಿನ ಮನೆಗೆ ಬೀಗ ಹಾಕಿ ಮಗಳ ಮನೆ ಸೇರಬೇಕಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆ ಯೋಚನೆ ಬಂದಾಗ ಮಾತ್ರ ಅವಳಿಗೆ ನಗು ಬರುತ್ತಿರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಏಳು ವರ್ಷವಾಗಿದ್ದ ಕಾಲವದು. ಕಲ್ಲುಹೊಳೆ ಪಂಚಾಯಿತಿಗೆ ಹೊನ್ನಮ್ಮನ ಮೈದುನ ಮೊಣ್ಣಪ್ಪನೇ ಛೇರ್ಮನ್. ಸೆಕ್ರೆಟರಿ ಧರ್ಮಪಾಲ ಇಂಗ್ಲಿಷ್ ಬಲ್ಲ ಹುಡುಗ, ಪತ್ರ ಬರೆಯುವುದೆಂದರೆ ಅವನಿಗೆ ಹುಚ್ಚು. ಹಾಲೆಂಡ್ ದೇಶದ ವೆಸ್ಟರ್‌ಡೈಕ್ ಎಂಬ ಪುಟ್ಟ ಪಟ್ಟಣದ ಪುರಸಭೆ, ದೂರದೇಶದ ಯಾವುದಾದರೂ ಹಳ್ಳಿಯ ಪಂಚಾಯಿತಿಯೊಡನೆ ಸ್ನೇಹ ಬೆಳೆಸಿ ಅದರ ಏಳಿಗೆಗೆ ಕೈಜೋಡಿಸಬೇಕೆಂದಿದೆ ಎಂಬ ಸುದ್ದಿ ಅವನ ಕಣ್ಣಿಗೆ ಬಿತ್ತು. ಬರೆದ. ಅವರೂ ಬರೆದರು. ಎರಡು ವರ್ಷ ಕಾಗದಗಳು ಓಡಾಡಿದವು. ಆ ಪಟ್ಟಣವಿರುವುದು ಸಮುದ್ರಕ್ಕಿಂತ ತಗ್ಗಿನಲ್ಲಂತೆ, ನೀರನ್ನು ಪಂಪು ಹಾಕಿ ಆಚೆ ಚೆಲ್ಲದಿದ್ದರೆ ಊರೇ ಮುಳುಗುತ್ತದಂತೆ. ಹಾಗಾಗಿ ಪಂಪಿಗೆ ಅಲ್ಲಿ ಬರವಿಲ್ಲ. ಒಂದು ಪಂಪು, ಅದಕ್ಕೆ ತಕ್ಕ ಪೈಪು ಕೊಡಬಹುದು, ಗುಂಡಿ ತೋಡಿ ಟ್ಯಾಂಕು ಕಟ್ಟುವ ಕೆಲಸ ನಿಮ್ಮದು, ಮೊದಲು ನಮ್ಮ ಸದಸ್ಯರೊಬ್ಬರು ಬಂದು ನೋಡಲಿ ಎಂದು ಅವರು ಬರೆದರು. ವಿಷಯ ಕೇಳಿದ ಹೊನ್ನಮ್ಮ, ಅಂದರೆ ಹೆಣ್ಣು ನೋಡಲು ಬರುತ್ತಾರೆ ಎನ್ನು, ಎಂದಳು.

ನೋಡಲು ಬಂದದ್ದು ಯಾವಾಗ? ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ. ಆಗಸ್ಟ್ ಎರಡರಂದು ವಿಲ್ಲೆಮ್ ಎಂಬ ಆರಡಿಯ ಆಸಾಮಿ ಜೀಪಿನಿಂದ ಇಳಿದಾಗ ಒಂಬತ್ತು ದಿನದಿಂದ ಮಳೆ ಬಿಟ್ಟಿರಲಿಲ್ಲ. ಗದ್ದೆ ತುಂಬ ನೀರು, ದಾರಿ ತುಂಬ ನೀರು, ದೊರೆಯ ಬೂಟಿನೊಳಗೂ ನೀರು. ಅವನು ಸುತ್ತ ಒಮ್ಮೆ ನೋಡಿ, ಇಷ್ಟು ನೀರಿರುವ ಊರಿಗೆ ಪಂಪು ಯಾಕೆ ಎಂದು ಧರ್ಮಪಾಲನನ್ನು ಕೇಳಿದ. ಧರ್ಮಪಾಲ ವಿವರಿಸಿದ. ಮೊಣ್ಣಪ್ಪ ಕೈ ಎತ್ತಿ ಮಂಜಿನೊಳಗೆ ಅಡಗಿದ್ದ ಗುಡ್ಡವನ್ನು ತೋರಿಸಿದ. ಕಾಣದ ಗುಡ್ಡಕ್ಕೆ ತಲೆಯಾಡಿಸಿ ದೊರೆ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದುಕೊಂಡ. ಬರೆದದ್ದು ಪಂಪಿಗೆ ಅನುಕೂಲದ ಮಾತಲ್ಲ ಎಂದು ಧರ್ಮಪಾಲ ಬಗ್ಗಿ ಓದಿ ಬಂದು ಹೇಳಿದ.

ದೊರೆಯ ಬಿಡಾರ ಕೆಳಕೇರಿಯಲ್ಲಿ ಮೊಣ್ಣಪ್ಪನ ಮನೆಯಲ್ಲೇ. ಮೊಣ್ಣಪ್ಪನ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರಿಂದ ಅಡುಗೆಗೆ ಹೊನ್ನಮ್ಮ ಇಳಿದು ಬಂದಿದ್ದಳು. ಮರುದಿನವೇ ಆಟಿ ಹದಿನೆಂಟು. ಕೊಡಗಿನವರಿಗೆ ಆ ದಿನದ ಬಗ್ಗೆ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುವುದಾದರೆ, ಆ ದಿನ ಮದ್ದುಸೊಪ್ಪಿಗೆ ಹದಿನೆಂಟು ಬಗೆಯ ಔಷಧಿಯ ಗುಣ ಕೂಡಿಕೊಳ್ಳುತ್ತದೆ ಎಂದು ನಂಬಿಕೆ. ಸೊಪ್ಪನ್ನು ಬೇಯಿಸಿ ಸೋಸಿದರೆ ನೇರಳೆ ಬಣ್ಣದ ರಸ ಬರುತ್ತದೆ, ಅದರಲ್ಲಿ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುತ್ತಾರೆ. ಉಂಡವರು ಆಮೇಲೆ ಮೂತ್ರಕ್ಕೆ ಹೋದರೆ ಅದು ಕೆಂಪಗೆ ಹೋಗುತ್ತದೆ. ಮದ್ದು ಮೈಗೆ ಹತ್ತಿತು ಎಂದು ಸಂತೋಷಪಡುತ್ತಾರೆ. ವಿಲ್ಲೆಮ್ ದೊರೆ ಮಧ್ಯಾಹ್ನ ಮೂರು ಬಟ್ಟಲು ಪಾಯಸ ಉಂಡ. ಹೊನ್ನಮ್ಮ ಹೇಳಲು ಮರೆತಳು ಎಂದು ನಾನು ಬರೆದರೆ ಅವಳಿಗೆ ಅವಮಾನ. ಬೇಕೆಂದೇ ಹೇಳಲಿಲ್ಲ.

ಸಂಜೆ ಹಿತ್ತಲಿನಿಂದ ಬಂದ ದೊರೆಯ ಮುಖದಲ್ಲಿ ರಕ್ತವಿರಲಿಲ್ಲ. ಧರ್ಮಪಾಲನನ್ನು ಮೂಲೆಗೆ ಕರೆದು ಏನೋ ಕೇಳಿದ. ಧರ್ಮಪಾಲ, ಪಾಪದ ಹುಡುಗ, ನನ್ನದೂ ಹಾಗೇ ಎಂದ. ಊರಿನವರದ್ದೂ ಹಾಗೆಯೇ ಎಂದು ಕೇಳಿದ ದೊರೆ. ಅಷ್ಟರಲ್ಲಿ ಒಳಗೆ ಬಂದ ಮೊಣ್ಣಪ್ಪನಿಗೆ ಸಂಗತಿ ತಿಳಿಯಿತು. ಇಡೀ ಊರಿನವರದ್ದೂ ಇವತ್ತು ಕೆಂಪೇ ಎಂದ. ಅದರಲ್ಲಿ ಸುಳ್ಳೇನಿತ್ತು ಹೇಳಿ?

ದೊರೆ ಕುರ್ಚಿಯಲ್ಲಿ ಕುಸಿದು ಕೂತ. ಈ ಊರಿನ ನೀರಿನಲ್ಲಿ ಏನೋ ಕೆಟ್ಟದ್ದು ಸೇರಿದೆ, ನಿನ್ನೆ ನಿಮ್ಮ ಮಾತು ನಂಬದೇ ಹೋದೆ, ಪಂಪು ಮಾತ್ರವಲ್ಲ, ನೀರು ಶುದ್ಧ ಮಾಡುವ ಯಂತ್ರವನ್ನೂ ಕಳಿಸುವಂತೆ ನಾಡಿದ್ದೇ ನಾಪೋಕ್ಲಿನಿಂದ ತಂತಿ ಕೊಡುತ್ತೇನೆ ಎಂದ. ರಾತ್ರಿ ಊಟ ಬೇಡವೆಂದ.

ಮೊಣ್ಣಪ್ಪ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದ.

"ಅತ್ತಿಗೆ, ನಿಮ್ಮ ಕಟ್ಟಳೆ ಎಲ್ಲ ನಂಗೆ ಗೊತ್ತುಂಟು. ಎರಡು ದಿನ ಬಾಯಿ ಮುಚ್ಚಿಕೊಂಡು ಇರಿ. ನೀರು ನಿಮ್ಮ ಅಂಗಳಕ್ಕೇ ಬರ್ತದೆ. ಹೊತ್ತದ್ದು ಸಾಲದಾ ನಿಮಗೆ?"

ಹೊನ್ನಮ್ಮನಿಗೆ ಸಾಕಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಅಂಗಳದಲ್ಲಿ ನಲ್ಲಿ ತಿರುಗಿಸಿ ಕೊಡ ತುಂಬಿಸುವುದನ್ನು ಅವಳು ಎಷ್ಟೋ ಸಲ ಕನಸಿನಲ್ಲಿ ಕಂಡಿದ್ದಳು. ದೊರೆ ಊಟಕ್ಕೆ ಕೂರಲಿಲ್ಲವಲ್ಲ, ಎಲೆ ಹಾಕಲೇ ಇಲ್ಲವಲ್ಲ, ಕಟ್ಟಳೆ ಮುರಿದಂತಾಗಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮಲಗಿದಳು.

ಬೆಳಿಗ್ಗೆ ಕಾಫಿ ಕೊಡಲು ಹೋದರೆ ದೊರೆ ಕಾಗದ ಬರೆಯುತ್ತಿದ್ದ. ಮೇಜಿನ ಮೇಲೆ ಎರಡು ಪುಟ್ಟ ಹೆಣ್ಣುಮಕ್ಕಳ ಫೋಟೋ ಇತ್ತು. ಹೆಂಡತಿಗೆ ಬರೆಯುತ್ತಿದ್ದಾರಂತೆ, ಸತ್ತರೆ ಏನೇನು ಮಾಡಬೇಕು ಎಂದು, ಅಂತ ಧರ್ಮಪಾಲ ಪಿಸುಗುಟ್ಟಿದ. ಹೊನ್ನಮ್ಮನಿಗೆ, ನಾನು ಮಾಡಿದ ತಮಾಷೆ ಇಲ್ಲಿಗೆ ಬಂತಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಯ ಜೊತೆಗೇ, ಅವಳೆಂದರೆ ಅವಳೇ ನೋಡಿ, ಇನ್ನೊಂದು ತುಂಟ ಯೋಚನೆಯೂ ಬಂತು. ಕಟ್ಟಳೆ ಪ್ರಕಾರ ಮುಂದಿನ ಎಲೆ ಹಾಕುವುದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ಹೊತ್ತಿದೆ.

"ಇದಕ್ಕೆ ಮದ್ದು ಉಂಟು ಅಂತ ಹೇಳು ಅವರಿಗೆ," ಎಂದಳು ಧರ್ಮಪಾಲನಿಗೆ. "ಒರತೆಯಿಂದ ನೀರು ತಂದು, ಗುಡ್ಡದ ಮೇಲೆ ನನ್ನ ಮನೆಯಲ್ಲಿ ಕೂತು ಕುಡಿಯಬೇಕು. ಬೇರೆಯವರು ಹೊತ್ತರೆ ಹಿಡಿಯುವುದಿಲ್ಲ. ಅವರೇ ಹೊರಬೇಕು."

ಕೆಟ್ಟ ನೀರನ್ನೇ ಮತ್ತೆ ಕುಡಿಯುವುದೇ ಎಂದು ದೊರೆ ಬೆಚ್ಚಿದ. ಕಾಯಿಸಿ ಕೊಡುತ್ತಾಳಂತೆ ಎಂದ ಧರ್ಮಪಾಲ. ಬೇರೆ ದಾರಿ ಕಾಣದೆ ದೊರೆ ಎದ್ದ.

ಮಳೆಯಲ್ಲಿ ತಾಮ್ರದ ಕೊಡ ಹೊತ್ತು ಆರಡಿಯ ಡಚ್ಚನೊಬ್ಬ ಗುಡ್ಡ ಹತ್ತುವುದನ್ನು ನೋಡಲು ಮೇಲ್ಕೇರಿಗೆ ಮೇಲ್ಕೇರಿಯೇ ಎಲೆ ಹೆಣೆದ ಗೊರಬೆಯನ್ನು ಮಳೆಗೆ ಹೊದ್ದು ಬಂದು ನಿಂತಿತು. ಅವನ ಊರಿನಲ್ಲಿ ಗುಡ್ಡವೆಂಬುದೇ ಇಲ್ಲ. ಮೂವತ್ತನೇ ಮೆಟ್ಟಿಲಿನಲ್ಲಿ ಕೊಡವನ್ನು ತಲೆಯಿಂದ ಹೆಗಲಿಗೆ ಇಳಿಸಿದ, ಅರವತ್ತರಲ್ಲಿ ಹೆಗಲಿನಿಂದ ಎದೆಗೆ. ಎಂಬತ್ತರಲ್ಲಿ ಜಾರಿ ಬಿದ್ದು ಪೂರ್ತಿ ಚೆಲ್ಲಿದ. ಹೊನ್ನಮ್ಮ ಹಿಂದಿನಿಂದ ತನ್ನ ಕೊಡ ಹೊತ್ತು ಬರುತ್ತಿದ್ದವಳು ಕೆಳಗೆ ಬೆರಳು ತೋರಿಸಿದಳು. ಪಾಪ, ಮತ್ತೆ ಇಳಿದ, ಮತ್ತೆ ತುಂಬಿಸಿಕೊಂಡ. ಈ ಸಲ ಒಂದೊಂದು ಮೆಟ್ಟಿಲನ್ನೂ ತನ್ನ ಭಾಷೆಯಲ್ಲಿ ಎಣಿಸುತ್ತ ಹತ್ತಿದ. ಹೊನ್ನಮ್ಮನ ಅಂಗಳ ಮುಟ್ಟಿದಾಗ ಕೊಡದಲ್ಲಿ ಅರ್ಧ ನೀರಿತ್ತು, ದೊರೆಯಲ್ಲಿ ಅರ್ಧ ಜೀವವಿತ್ತು.

ನೀರು ಕಾಯಿಸಿ ಅರ್ಧ ಚೆಂಬು ಕುಡಿಸಿದಳು. ಆಮೇಲೆ ಬಾಳೆಎಲೆ ತೆಗೆಯುವ ಮೊದಲು ಹಿತ್ತಲಿಗೆ ಹೋಗಿ ಮದ್ದುಸೊಪ್ಪಿನ ಕಟ್ಟು ತಂದಳು. ಧರ್ಮಪಾಲನ ಹಿಂದೆಯೇ ಏದುಸಿರು ಬಿಡುತ್ತ ಬಂದಿದ್ದ ಮೊಣ್ಣಪ್ಪ ಬೇಡ ಬೇಡ ಎಂದು ಕಣ್ಣಿನಲ್ಲೇ ಬೇಡಿಕೊಂಡ. ಹೇಳು ಎಂದರೆ ಧರ್ಮಪಾಲನ ನಾಲಗೆ ಏಳಲಿಲ್ಲ, ಅವನಿಗೂ ಪಂಪು ಬೇಕಿತ್ತು. ಹೊನ್ನಮ್ಮ ಕಾಯಲಿಲ್ಲ. ಒಂದು ಹಿಡಿ ಸೊಪ್ಪನ್ನು ದೊರೆಯ ಕಣ್ಣೆದುರಿಗೇ ಚೆಂಬಿನ ಬಿಸಿನೀರಿಗೆ ಹಾಕಿದಳು. ನೀರು ನಿಧಾನವಾಗಿ ನೇರಳೆಯಾಯಿತು. ಕೆಳಗಿನಿಂದ ಸೆರಗಿನಲ್ಲಿ ಸುತ್ತಿ ತಂದಿದ್ದ ನಿನ್ನೆಯ ಪಾಯಸದ ಬಟ್ಟಲನ್ನು ಅದರ ಪಕ್ಕದಲ್ಲಿಟ್ಟಳು. ತನ್ನ ಎದೆ ಮುಟ್ಟಿ, ಮೊಣ್ಣಪ್ಪನತ್ತ ಕೈ ತೋರಿಸಿ, ಊರಿಗೆಲ್ಲ ಒಮ್ಮೆ ಕೈಬೀಸಿ, ಹಿತ್ತಲ ಕಡೆ ಬೆರಳು ಮಾಡಿದಳು.

ದೊರೆ ಚೆಂಬು ನೋಡಿದ, ಬಟ್ಟಲು ನೋಡಿದ. ಮುಖ ಕೆಂಪಾಯಿತು. ಮೊಣ್ಣಪ್ಪ ತಲೆಯ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕುಳಿತ. ದೊರೆ ಒಂದೇ ಒಂದು ಪ್ರಶ್ನೆ ಕೇಳಿದ. ದಿನಕ್ಕೆ ಎಷ್ಟು ಸಲ ಹೊರುತ್ತೀರಿ?

"ಆರು ಸಲ," ಎಂದಳು ಹೊನ್ನಮ್ಮ. "ನೆಂಟರು ಬಂದರೆ ಎಂಟು."

ಅವನು ನಗಲಿಲ್ಲ, ಬೈಯಲೂ ಇಲ್ಲ. ಎಲೆಯ ಮುಂದೆ ಕೂತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಹೊರಡುವ ದಿನ ಬಂದು, ಆ ಸೊಪ್ಪಿನ ರಸ ಕೊಂಡುಹೋಗಬಹುದೇ ಎಂದು ಧರ್ಮಪಾಲನ ಬಾಯಲ್ಲಿ ಕೇಳಿಸಿದ. ಹೊನ್ನಮ್ಮ ಬೆಲ್ಲ ಹಾಕಿ ಗಟ್ಟಿಯಾಗಿ ಕುದಿಸಿ ಒಂದು ದೊಡ್ಡ ಶೀಷೆ ತುಂಬಿಸಿಕೊಟ್ಟಳು. ಪಂಪಿನ ಮಾತು ಎತ್ತದೆ ದೊರೆ ಜೀಪು ಹತ್ತಿದ.

ಆಮೇಲೆ ನಾಲ್ಕು ತಿಂಗಳು ಒಂದು ಕಾಗದವಿಲ್ಲ. ಮೊಣ್ಣಪ್ಪ ಅತ್ತಿಗೆಯ ಜೊತೆ ಮಾತು ಬಿಟ್ಟ. ಮೇಲ್ಕೇರಿಯ ಹೆಂಗಸರು ಒರತೆಯಲ್ಲಿ ಅವಳು ಬಂದರೆ ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಮನೆಬಾಗಿಲಿಗೆ ಬಂದ ನೀರನ್ನು ಒದ್ದವಳು ಎಂದು ಅವಳಿಗೆ ಕೇಳುವಂತೆಯೇ ಅಂದರು. ಹೊನ್ನಮ್ಮನಿಗೂ ಒಮ್ಮೊಮ್ಮೆ ಹಾಗೇ ಅನಿಸುತ್ತಿತ್ತು. ಮೆಟ್ಟಿಲು ಹತ್ತುವಾಗ ನಡುವೆ ಎರಡು ಕಡೆ ಕೂತು ಮಂಡಿ ತಿಕ್ಕಿಕೊಳ್ಳುವಾಗ ತನ್ನ ನಾಲಗೆಗೂ ತನ್ನ ಕೈಗೂ ಚೆನ್ನಾಗಿ ಬೈದುಕೊಳ್ಳುತ್ತಿದ್ದಳು.

ಡಿಸೆಂಬರಿನಲ್ಲಿ, ತೋಟಗಳಲ್ಲಿ ಕಾಫಿ ಹಣ್ಣಿನ ಪಿಕಿಂಗ್ ನಡೆದಿದ್ದಾಗ, ಧರ್ಮಪಾಲ ಕಾಗದ ಹಿಡಿದು ನೂರ ನಲವತ್ತೆರಡು ಮೆಟ್ಟಿಲನ್ನೂ ಓಡಿಕೊಂಡು ಹತ್ತಿದ. ಕಾಗದ ಪಂಚಾಯಿತಿಗಲ್ಲ, ಹೊನ್ನಮ್ಮನ ಹೆಸರಿಗೇ ಬಂದಿತ್ತು. ಮೊಣ್ಣಪ್ಪನೂ ಮಾತು ಬಿಟ್ಟದ್ದು ಮರೆತು ಹಿಂದೆಯೇ ಬಂದ. ಅಂಗಳದಲ್ಲಿ ನಿಂತು ಧರ್ಮಪಾಲ ಓದಿ ಹೇಳಿದ.

ವೆಸ್ಟರ್‌ಡೈಕ್ ಪುರಸಭೆಯಲ್ಲಿ ಹನ್ನೊಂದು ಮಂದಿ ಸದಸ್ಯರು. ಅಷ್ಟೊಂದು ಮಳೆ ಬೀಳುವ ಊರಿಗೆ ಪಂಪು ಬೇಡ ಎಂದವರು ಏಳು ಜನ. ವಿಲ್ಲೆಮ್ ವಾದ ಮಾಡಲಿಲ್ಲ. ಆ ಏಳೂ ಜನರನ್ನು ಮನೆಗೆ ಊಟಕ್ಕೆ ಕರೆದು, ಕೊನೆಗೆ ಶೀಷೆಯ ರಸ ಹಾಕಿ ಪಾಯಸ ಬಡಿಸಿದ. ಮರುದಿನ ಬೆಳಗಾಗುವುದರೊಳಗೆ ಏಳೂ ಜನ ಅವನ ಬಾಗಿಲಲ್ಲಿ ನಿಂತಿದ್ದರು. ಮದ್ದು ಒಂದೇ ಇರುವುದು ಎಂದು ಹೇಳಿ ಒಬ್ಬೊಬ್ಬರ ಕೈಗೂ ಒಂದೊಂದು ಬಕೆಟ್ ಕೊಟ್ಟ. ಅವರ ಊರಿನಲ್ಲಿ ಎತ್ತರವಿರುವುದು ಇಗರ್ಜಿಯ ಗೋಪುರ ಒಂದೇ. "ಅದಕ್ಕೆ ನೂರ ಹದಿನೆಂಟೇ ಮೆಟ್ಟಿಲು," ಎಂದು ಬರೆದಿದ್ದ. "ಉಳಿದ ಇಪ್ಪತ್ತನಾಲ್ಕನ್ನು ಇಳಿಸಿ ಮತ್ತೆ ಹತ್ತಿಸಿದೆ. ನೀವು ಮಾಡಿದಂತೆಯೇ ಮಧ್ಯಾಹ್ನದ ಊಟಕ್ಕೆ ಮೊದಲು ನಿಜ ಹೇಳಿದೆ. ಸಂಜೆ ಮತ ಹಾಕಿದರು. ಹನ್ನೊಂದಕ್ಕೆ ಹನ್ನೊಂದು. ಪಂಪು ಹಡಗು ಹತ್ತಿದೆ."

ಹೊನ್ನಮ್ಮ ಅದನ್ನು ಮೂರು ಸಲ ಓದಿಸಿದಳು. ಬಕೆಟ್ಟಿನ ಭಾಗ ಬಂದಾಗಲೆಲ್ಲ ಸೆರಗು ಬಾಯಿಗಿಟ್ಟು ನಕ್ಕಳು. ಮೊಣ್ಣಪ್ಪ ಮಾತ್ರ ಮುಖ ಸಣ್ಣ ಮಾಡಿಕೊಂಡು, ನಿಜ ಹೇಳಿದ್ದೇ ಒಳ್ಳೆಯದಾಯಿತು ಅತ್ತಿಗೆ ಎಂದ.

ಮುಂದಿನ ಬೇಸಗೆಗೆ ಮೇಲ್ಕೇರಿಯವರೇ ಪೈಪಿಗೆ ಕಾಲುವೆ ತೋಡಿದರು, ಟ್ಯಾಂಕು ಕಟ್ಟಿದರು, ನಲ್ಲಿ ಹೊನ್ನಮ್ಮನ ಅಂಗಳದ ಮೂಲೆಗೇ ಬಂತು. ಮೊಣ್ಣಪ್ಪ ಭಾಷಣ ಮುಗಿಸಿದ ಮೇಲೆ ಮೊದಲ ಕೊಡ ಅವಳದೇ ಎಂದರು. ತಿರುಗಿಸಿದಳು, ತುಂಬಿತು. ಮೂವತ್ತು ವರ್ಷದ ರೂಢಿಯಂತೆ ಸಿಂಬಿ ಸರಿಮಾಡಿ, ಕೊಡ ತಲೆಗೇರಿಸಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಉಸಿರು ಬಿಗಿಹಿಡಿದು ಮೊದಲ ಹೆಜ್ಜೆಗೆ ಕಾಲೆತ್ತಿದಳು. ಹತ್ತಲು ಮೆಟ್ಟಿಲಿರಲಿಲ್ಲ. ಎದುರಿಗೆ ಅವಳದೇ ಅಡುಗೆಮನೆಯ ಬಾಗಿಲಿತ್ತು.

ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು. ಊರೆಲ್ಲ ನಕ್ಕಿತು. ಬದುಕಿನಲ್ಲಿ ಮೊದಲ ಸಲ ಬೇಸ್ತು ಬಿದ್ದ ಹೊನ್ನಮ್ಮ ಕೊಡ ಇಳಿಸದೆ ಅಲ್ಲೇ ನಿಂತು, ನಗುತ್ತ ನಗುತ್ತಲೇ ಅತ್ತುಬಿಟ್ಟಳು.