ಇಸುಕುವುದು, ಇಸ್ಕೊಳ್ಳುವುದು

ಪಾಂಡವಪುರಕ್ಕೆ ಬಂದ ಮೊದಲ ಚಳಿಗಾಲ. ಒಂದು ಬೆಳಿಗ್ಗೆ ನೋಡಿದರೆ ನಮ್ಮ ಬೀದಿಯ ಟೈಲರ್ ಅಂಗಡಿ, ಹಿಟ್ಟಿನ ಗಿರಣಿ ಎರಡೂ ಬಾಗಿಲು ಹಾಕಿವೆ. ಯಾರೋ ತೀರಿಕೊಂಡರೇನೋ ಎಂದುಕೊಂಡೆ. ಟೈಲರ್ ತನ್ನ ಮನೆಯ ಜಗಲಿಯಿಂದಲೇ, "ಇವತ್ತು ಅವರೆಕಾಳು ಕಣ್ರೀ, ನಾಳಿಕ್ ಬನ್ನಿ" ಎಂದ. ಕ್ಯಾಲೆಂಡರಿನಲ್ಲಿಲ್ಲದ, ಸರಕಾರಕ್ಕೆ ಗೊತ್ತಿಲ್ಲದ ರಜೆ. ಮೇಲುಕೋಟೆ ಕಡೆಯ ಹೊಲಗಳಿಂದ ಸೊಗಡಿನ ಕಾಯಿ, ಅಂದರೆ ಇಬ್ಬನಿ ಕುಡಿದು ಘಮಘಮಿಸುವ ಕಾಯಿ, ಮೂಟೆಗಟ್ಟಲೆ ಬಂದಿಳಿದ ಮಾರನೆಯ ದಿನ ಬೀದಿಗೆ ಬೀದಿಯೇ ಕೆಲಸ ಬಿಟ್ಟು ಕೂರುತ್ತದಂತೆ. ನಮ್ಮ ಸೇಡಂ ಕಡೆ ತೊಗರಿಯೇ ಅನ್ನ ಕೊಡುವುದು. ಆದರೂ ಅದಕ್ಕೆ ನಾವೆಂದೂ ರಜೆ ಕೊಟ್ಟವರಲ್ಲ.

ನಾನು ಇಲ್ಲಿಯ ಬ್ಯಾಂಕಿಗೆ ವರ್ಗವಾಗಿ ಬಂದವಳು, ಜೊತೆಗೆ ಅವ್ವ. ಮನೆ ಸಿಕ್ಕಿದ್ದು ಜಯಮ್ಮನವರ ಮಹಡಿಯ ಮೇಲೆ. ಅವ್ವ ರೊಟ್ಟಿ ಬಡಿಯುವ ಸದ್ದಿಗೆ ಜಯಮ್ಮ ಮೊದಲ ದಿನವೇ ಗಾಬರಿಯಿಂದ ಓಡಿಬಂದಿದ್ದರು. ಬ್ಯಾಂಕಿನಲ್ಲಿ ನಾನು ಬಾಯಿ ತೆರೆದರೆ ಸಾಕು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ದಿನವಿಡೀ ಅಳೆದು ತೂಗಿ ಪುಸ್ತಕದ ಕನ್ನಡ ಆಡಿ ಸುಸ್ತಾಗಿ ಬಂದರೆ ಅವ್ವ, "ಬಂದೇನವ್ವಾ, ಉಣ್ಣು ಬಾ" ಅನ್ನಬೇಕು, ಆಗಲೇ ನನಗೆ ಉಸಿರು. ಅವಳು ಊರಿಗೆ ಹೋಗಿಬಿಟ್ಟರೆ ಇಲ್ಲಿ ನನ್ನ ಮಾತಿಗೆ ಯಾರೂ ಇಲ್ಲ ಎಂಬ ಹೆದರಿಕೆ ಸದಾ ಇತ್ತು. ಅವಳಿಗೋ ಊರಲ್ಲಿರುವ ನನ್ನ ಅಣ್ಣನ ಮನೆಯದೇ ಧ್ಯಾನ.

ಆ ರಜೆಯ ಹಿಂದಿನ ಸಂಜೆ ಜಯಮ್ಮ ಅವ್ವನಿಗೆ, "ನಾಳಿಕ್ಕೆ ಅವರೆಕಾಳು ಇಸ್ಕಬೇಕು, ಬನ್ನಿ ಕಣವ್ವಾ" ಎಂದಿದ್ದರು. ಇಲ್ಲಿಯವರು ಹಕಾರ ನುಂಗುತ್ತಾರೆ; ಅವರೆಂದದ್ದು ಹಿಸುಕಬೇಕು. ನೆನೆದ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸಿ ಬೇಳೆ ತೆಗೆಯುವ ಕೆಲಸ. ಅವ್ವನಿಗೆ ಕೇಳಿಸಿದ್ದು ಇಸ್ಕೋಬೇಕು. ಹಬ್ಬಕ್ಕೆ ಹಂಚುತ್ತಿದ್ದಾರೆಂದುಕೊಂಡು ಬೆಳಿಗ್ಗೆ ಖಾಲಿ ಡಬರಿ ಹಿಡಿದು ಹೋಗಿ ನಿಂತಳು. ಜಗಲಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

ಅವ್ವ ತಿರುಗಿ ಬಂದವಳೇ ಬ್ಯಾಗಿಗೆ ಸೀರೆ ತುರುಕತೊಡಗಿದಳು. "ನಾ ಏನ್ ಬೇಡ್ಲಾಕ ಹೋಗಿದ್ನೇನ? ಟಿಕೀಟ್ ತೆಗಸು, ನಾ ಇಲ್ಲಿ ಇರಂಗಿಲ್ಲ."

ನನಗೆ ತಲೆ ಕೆಟ್ಟಿತು. ಕೆಳಗಿಳಿದು ಜಯಮ್ಮನಿಗೆ, "ದೊಡ್ಡವರನ್ನ ನೋಡಿ ನಗೂದು ನಿಮ್ಮೂರ ಪದ್ಧತಿ ಏನ್ರೀ?" ಎಂದು ಕೇಳಿಯೇಬಿಟ್ಟೆ. ಪುಸ್ತಕದ ಕನ್ನಡ ಎಲ್ಲಿಗೋ ಹಾರಿಹೋಗಿತ್ತು.

ಜಯಮ್ಮ ತಪ್ಪಾಯಿತೆನ್ನಲಿಲ್ಲ. ಕಾಳಿನ ಬೇಸಿನ್ ಎತ್ತಿಕೊಂಡು ಮೇಲೆ ಬಂದು ಅವ್ವನ ಬ್ಯಾಗಿನ ಪಕ್ಕದಲ್ಲೇ ಕುಳಿತರು. "ಸಿಟ್ಟು ಆಮೇಲ್ ಮಾಡ್ಕಳಿ. ನಿಮ್ ಕಡೆ ಅವರೆ ಏನ್ ಮಾಡ್ತೀರಿ, ಅದ್ ಯೋಳಿ."

ಅಡುಗೆಯ ಮಾತಿಗೆ ಅವ್ವ ಸುಮ್ಮನಿರುವವಳಲ್ಲ. "ಎಳ್ಳಮಾಸಿ ಹಬ್ಬಕ್ಕ ಭಜ್ಜಿ ಮಾಡ್ತೀವಿ. ಎಲ್ಲಾ ಕಾಳು, ಎಲ್ಲಾ ಪಲ್ಯ ಸೇರಿಸಿ. ನಿಮ್ಮಂಗ ಸಿಪ್ಪಿ ಸುಲಿದು ಸತ್ವ ಚೆಲ್ಲಂಗಿಲ್ಲ."

"ಸಿಪ್ಪೆ ತಿನ್ನಾಕೆ ನಾವೇನ್ ದನವಾ?"

"ಹಲ್ಲಿಲ್ಲದವ್ರು ಸುಲೀತಾರ."

ಜಗಳ ಬೆಳೆಯಿತು. ಕೈಗೆ ಕೆಲಸ ಬೇಕೆಂದೋ ಏನೋ, ಅವ್ವ ಬೈಯುತ್ತಲೇ ಒಂದು ಕಾಳು ಹಿಸುಕಿದಳು. ಬೇಳೆ ನೆಗೆದು ಜಯಮ್ಮನ ಕುಂಕುಮಕ್ಕೇ ಬಡಿಯಿತು. ಇಬ್ಬರೂ ನಕ್ಕರು. ಆ ದಿನ ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ಅವ್ವನ ಮಧ್ಯಾಹ್ನಗಳೆಲ್ಲ ಕೆಳಗಿನ ಜಗಲಿಯಲ್ಲೇ. ನನಗೆ ನೆಮ್ಮದಿಯಾಗಬೇಕಿತ್ತು. ಆದರೆ ಸಂಜೆ ಬಂದರೆ ಅವಳು, "ಇವತ್ಯಾಕೆ ಇಂಗೆ ಲೇಟು?" ಅನ್ನತೊಡಗಿದಳು. ಒಳಗೊಳಗೇ ಚುರುಕ್ಕೆನ್ನುತ್ತಿತ್ತು. ಬೇಡವ್ವಾ, ನಮ್ಮಂಗ ಮಾತಾಡು ಎಂದರೆ, "ಅಂಗೇ ಬಂದ್ಬುಡ್ತದೆ ಬುಡು" ಎಂದು ನಗುತ್ತಾಳೆ.

ಮೊನ್ನೆ ಅಣ್ಣ ಸೇಡಂನಿಂದ ಫೋನ್ ಮಾಡಿದ. ಎಳ್ಳಮಾಸಿಗೆ ಬಂದವಳು ಅಲ್ಲೇ ಇದ್ದುಬಿಡು ಎಂದು ಕರೆಯುವುದಕ್ಕೆ. ಅವ್ವ ನನ್ನ ಮುಖ ಒಮ್ಮೆ ನೋಡಿ, "ಈಗ್ ಬರಕಿಲ್ಲ ಬುಡಪ್ಪ" ಎಂದಳು.

ಆ ಕಡೆಯಿಂದ ಅಣ್ಣನ ದನಿ ಕೇಳಿಸಿತು: "ಯಾರ್ರೀ ಮಾತಾಡ್ಲಾಕತ್ತೀರಿ? ಸ್ವಲ್ಪ ನಮ್ಮವ್ವಗ ಕೊಡ್ರಿ ಫೋನ."